ದೊಡ್ಡಮ್ಮ ಹೋಗಿದ್ದು ಪಕ್ಕದ ಸಭಾಂಗಣಕ್ಕೆ: ನಾಟಕದ ವೆಬ್‌ಸೈಟಿನ ವಿಳಾಸ ರಿಪೇರಿ

ಶನಿವಾರ ಸಂಜೆ ಏಳೂಕಾಲಿಗೆ ದೊಡ್ಡಮ್ಮನ ಫೋನು. ಬರೀ ಪಿಸುಮಾತು.

"ನಾಟಕ ಅಂದ್ಯಲ್ಲೋ, ಇಲ್ಲಿ ಅರ್ಧ ಗಂಟೆಯಿಂದ ಭರತನಾಟ್ಯ ನಡೀತಿದೆ. ನಾಟಕ ಇದಾದ್ಮೇಲಾ?"

"ದೊಡ್ಡಮ್ಮ, ನೀವು ಎಲ್ಲಿ ಕೂತಿದೀರಾ?"

"ಕಲಾಕ್ಷೇತ್ರದಲ್ಲಿ. ನಿನ್ನ ವೆಬ್‌ಸೈಟಲ್ಲೇ ಮ್ಯಾಪ್ ಒತ್ಕೊಂಡು ಬಂದೆ ಕಣೋ."

ನಾಟಕ ಇದ್ದದ್ದು ನಯನ ಸಭಾಂಗಣದಲ್ಲಿ. ಅದು ಕನ್ನಡ ಭವನದ ಒಳಗಿದೆ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಪಕ್ಕದಲ್ಲೇ. ನನ್ನಂಥವನು ಎದ್ದು ನಡೆದರೆ ಎರಡೇ ನಿಮಿಷ. ಎಪ್ಪತ್ತು ದಾಟಿದವರು ಕತ್ತಲಲ್ಲಿ ಸಾಲಿನ ಮಧ್ಯದಿಂದ ಎಲ್ಲರ ಮಂಡಿ ತಾಗಿಸಿಕೊಂಡು ಹೊರಗೆ ಬರಬೇಕು, ಮೆಟ್ಟಿಲಿಳಿಯಬೇಕು, ಪಕ್ಕದ ಬಾಗಿಲು ಹುಡುಕಬೇಕು. ದೊಡ್ಡಮ್ಮ ಏಳಲೇ ಇಲ್ಲ. "ಬಿಡು, ಹುಡುಗಿ ಚೆನ್ನಾಗಿ ಮಾಡ್ತಿದಾಳೆ" ಅಂತ ಫೋನ್ ಇಟ್ಟರು.

ನಾನು ಲ್ಯಾಪ್‌ಟಾಪ್ ತೆಗೆದೆ.

ಎಲ್ಲಿ ಕೆಟ್ಟಿತ್ತು

ವೆಬ್‌ಸೈಟ್ ನನ್ನದೇ, ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ. ಬೆಂಗಳೂರು, ಮೈಸೂರಿನಲ್ಲಿ ನಡೆಯುವ ನಾಟಕ ಮತ್ತು ಸಂಗೀತ ಕಛೇರಿಗಳ ಪಟ್ಟಿ ಅದು. ಹಗಲಿನ ನೌಕರಿ ಬೇರೆ, ಇದು ರಾತ್ರಿಯ ಹುಚ್ಚು. ತಂಡದವರು ವಾಟ್ಸಾಪಿನಲ್ಲಿ ಪೋಸ್ಟರ್ ಕಳಿಸುತ್ತಾರೆ. ನಾನು ಅದನ್ನು ನೋಡಿ ಒಂದು ಶೀಟಿಗೆ ತುಂಬುತ್ತೇನೆ. ಒಂದು ಸಣ್ಣ ಸ್ಕ್ರಿಪ್ಟ್ ಶೀಟನ್ನು ಓದಿ ಪೇಜುಗಳನ್ನು ಮಾಡುತ್ತದೆ. ಡೇಟಾಬೇಸ್ ಗೀಟಾಬೇಸ್ ಏನೂ ಇಲ್ಲ.

ಆ ಶೀಟಿನಲ್ಲಿ 'ಸ್ಥಳ' ಅಂತ ಒಂದೇ ಕಾಲಂ ಇತ್ತು. ಪೋಸ್ಟರಿನಲ್ಲಿ ಏನಿದೆಯೋ ಅದನ್ನೇ ಟೈಪ್ ಮಾಡುತ್ತಿದ್ದೆ. ಪೇಜಿನಲ್ಲಿದ್ದ ಮ್ಯಾಪು ಅದೇ ಬರಹವನ್ನು ಹುಡುಕಾಟಕ್ಕೆ ಕಳಿಸಿ, ಮೊದಲು ಸಿಕ್ಕ ಜಾಗಕ್ಕೆ ಪಿನ್ ಚುಚ್ಚುತ್ತಿತ್ತು. ಆ ದಿನದ ಸಾಲಿನಲ್ಲಿ ನಾನು ಬರೆದಿದ್ದು: "ನಯನ, ಕಲಾಕ್ಷೇತ್ರ ಆವರಣ, ಜೆ.ಸಿ. ರಸ್ತೆ". ಇಷ್ಟರಲ್ಲಿ ದೊಡ್ಡ ಹೆಸರು ಕಲಾಕ್ಷೇತ್ರದ್ದು. ಹುಡುಕಾಟ ಅದನ್ನೇ ಹಿಡಿಯಿತು. ಅದರ ತಪ್ಪೇನಿಲ್ಲ, ಅಲ್ವಾ? ನಾಟಕ ಎಲ್ಲಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ, ಪೇಜು ತೆರೆದಾಗಲೆಲ್ಲ ನೀನೇ ಊಹೆ ಮಾಡಿಕೋ ಅಂತ ಬಿಟ್ಟಿದ್ದೆ.

ಆ ಜಾಗವೂ ಹಾಗೇ ಇದೆ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಕಲಾಕ್ಷೇತ್ರ ಎದುರಿಗೇ ಕಾಣುತ್ತದೆ. ಅದರ ಹಿಂದೆ ಸಂಸ ಬಯಲು ರಂಗಮಂದಿರ. ಪಕ್ಕದಲ್ಲಿ ಕನ್ನಡ ಭವನ, ಅದರೊಳಗೆ ನಯನ. ರಸ್ತೆಯ ಆಚೆ ಬದಿಗೆ ಎಡಿಎ ರಂಗಮಂದಿರ. ಒಂದೇ ಸಂಜೆ ನಾಲ್ಕು ಕಡೆಯೂ ಕಾರ್ಯಕ್ರಮ ಇರಬಹುದು. ನಾಲ್ಕಕ್ಕೂ ವಿಳಾಸ ಒಂದೇ: ಜೆ.ಸಿ. ರಸ್ತೆ, ಬೆಂಗಳೂರು 560002. ಅಂಚೆಯವರಿಗೆ ಇಷ್ಟು ಸಾಕು. ಪಿನ್‌ಕೋಡ್ ಬಂದದ್ದೇ, 1972ರ ಆಗಸ್ಟ್ 15ರಂದು, ಕಾಗದ ವಿಂಗಡಿಸಲಿಕ್ಕೆ. ಕಾಗದಕ್ಕೆ ಏಳು ಗಂಟೆಯ ಬೆಲ್ ಇರುವುದಿಲ್ಲ.

ನಾಟಕಕ್ಕೆ ಇರುತ್ತದೆ. ಜೆ.ಪಿ. ನಗರದ ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಬಂದರೆ ಒಳಗೆ ಬಿಡುವುದಿಲ್ಲ. ಒಳ್ಳೆಯ ನಿಯಮ, ನಾನು ಅದರ ಪರ. ಆದರೆ ನನ್ನ ಮ್ಯಾಪು ಯಾರನ್ನೋ ತಪ್ಪು ಕ್ರಾಸಿಗೆ ಕಳಿಸಿ ಐದು ನಿಮಿಷ ತಡ ಮಾಡಿದರೆ ಅವರ ಟಿಕೆಟ್ ದುಡ್ಡು ಹೋದ ಹಾಗೆ. ಬೆಂಗಳೂರಿನಲ್ಲಿ '8ನೇ ಕ್ರಾಸ್' ಇಲ್ಲದ ಬಡಾವಣೆ ಯಾವುದಿದೆ ಹೇಳಿ.

ಒಂದು ಹಾಲು, ಐದು ಹೆಸರು

ಮೊದಲ ಕೆಲಸ, ಸ್ಥಳಗಳಿಗೆ ಬೇರೆ ಶೀಟು. ಕಾರ್ಯಕ್ರಮದ ಸಾಲಿನಲ್ಲಿ ಇನ್ನು ಮುಂದೆ ವಿಳಾಸ ಟೈಪ್ ಮಾಡುವಂತಿಲ್ಲ, ಪಟ್ಟಿಯಿಂದ ಸ್ಥಳವನ್ನು ಆರಿಸಬೇಕು ಅಷ್ಟೇ. ವಿಳಾಸ ಒಂದೇ ಕಡೆ ಇರುತ್ತದೆ, ತಿದ್ದಿದರೆ ಎಲ್ಲ ಕಡೆ ಸರಿಹೋಗುತ್ತದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಮಾಡಿರಲಿಲ್ಲ.

ಹಳೆಯ ಸಾಲುಗಳನ್ನೆಲ್ಲ ಒಟ್ಟು ಹಾಕಿ, ಒಂದೇ ಥರದ್ದನ್ನು ಸೇರಿಸು ಅಂತ ಸ್ಕ್ರಿಪ್ಟಿಗೆ ಹೇಳಿದೆ. ಚೌಡಯ್ಯ ಮೆಮೋರಿಯಲ್ ಹಾಲ್ ಒಂದಕ್ಕೇ ಐದು ಸಾಲು ಬಂತು. 'ಚೌಡಯ್ಯ', 'ಚೌಡಯ್ಯ ಹಾಲ್', 'ಚೌಡಯ್ಯ ಸ್ಮಾರಕ ಭವನ', ಇವು ಮೂರು ಬೇರೆ ಬೇರೆ ಆಗಿದ್ದು ಸರಿ. ಉಳಿದ ಎರಡು ಸಾಲು ಮಾತ್ರ ನನ್ನ ಕಣ್ಣಿಗೆ ಅಚ್ಚು ಒಂದೇ. 'ಚೌಡಯ್ಯ ಮೆಮೋರಿಯಲ್ ಹಾಲ್', ಮತ್ತೆ 'ಚೌಡಯ್ಯ ಮೆಮೋರಿಯಲ್ ಹಾಲ್'. ಅಕ್ಷರ ಅಕ್ಷರ ನೋಡಿದೆ. ಒಂದೇ. ಸ್ಕ್ರಿಪ್ಟ್ ಮಾತ್ರ ಬೇರೆ ಅನ್ನುತ್ತಿದೆ.

ಅಕ್ಷರ ಎಣಿಸಿದಾಗ ಗೊತ್ತಾಯಿತು, ಒಂದರಲ್ಲಿ ಒಂದು ಜಾಸ್ತಿ ಇದೆ. ಕನ್ನಡದಲ್ಲಿ 'ಟೌನ್‌ಹಾಲ್' ಅಂತ ಬರೆಯುವಾಗ ನ ಕೆಳಗೆ ಹ ಒತ್ತಾಗದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಜೀರೋ ವಿಡ್ತ್ ನಾನ್ ಜಾಯಿನರ್ ಅಂತ ಅದರ ಹೆಸರು. ಕೆಲವು ಕೀಬೋರ್ಡುಗಳು, ಹಳೇ ಫಾಂಟಿನಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಪಟ್ಟಿ) ಬದಲಾಯಿಸುವ ಕೆಲವು ಟೂಲುಗಳು, ಅದನ್ನು ಬೇಡದ ಕಡೆಯೂ ಉದುರಿಸುತ್ತವೆ. 'ಹಾಲ್' ಪದದ ಕೊನೆಗೆ ಅದು ಬಂದು ಕೂತಿತ್ತು. ಮುಂದೆ ಅಕ್ಷರವೇ ಇಲ್ಲದ ಮೇಲೆ ಅದಕ್ಕೆ ಕೆಲಸವೂ ಇಲ್ಲ. ಸುಮ್ನೆ ಕೂತಿದೆ.

ಇನ್ನೊಂದು ತರಲೆ, ಓತ್ವದ್ದು. 'ಮೋ'ದಲ್ಲಿರುವ ೋ ಯೂನಿಕೋಡಿನಲ್ಲಿ ಒಂದೇ ಅಕ್ಷರವಾಗಿಯೂ ಇರಬಹುದು, ಎತ್ವ, ಕೊಂಬು, ದೀರ್ಘ ಎಂದು ಬಿಡಿಬಿಡಿಯಾಗಿಯೂ ಇರಬಹುದು. ಪರದೆ ಮೇಲೆ ಎರಡೂ ಒಂದೇ. ಬಿಡಿ ತುಂಡುಗಳನ್ನು ಜೋಡಿಸಲು ಯೂನಿಕೋಡಿನದೇ ನಿಯಮ ಇದೆ, ಎನ್‌ಎಫ್‌ಸಿ ಅಂತ. ಒಂದು ಸಾಲಿನ ಕೋಡಿನಲ್ಲಿ ಮುಗಿಯಿತು. ಆದರೆ ಎನ್‌ಎಫ್‌ಸಿ ಆ ಕಾಣದ ಅಕ್ಷರವನ್ನು ಮುಟ್ಟುವುದಿಲ್ಲ. ಅದನ್ನು ಕೈಯಾರೆ ತೆಗೆಯಬೇಕು, ಅದೂ ಪದದ ಕೊನೆಯಲ್ಲಿದ್ದರೆ ಮಾತ್ರ. ನಾನು ಮೊದಲ ಸಲ ಎಲ್ಲ ಕಡೆಯಿಂದಲೂ ಕಿತ್ತುಹಾಕಿದೆ. ಟೌನ್‌ಹಾಲಿನ ನಕಾರಕ್ಕೆ ಹಕಾರ ಹೋಗಿ ಒತ್ತಾಗಿ ನೇತುಬಿತ್ತು. ವಾಪಸ್ ಹಾಕಿದೆ.

ಇದೆಲ್ಲ ಆದ ಮೇಲೆ ಅರವತ್ತು ಚಿಲ್ಲರೆ ಸ್ಥಳ ಉಳಿದವು.

ಗೇಟಿನಲ್ಲಿ ನಿಂತು

ಈಗ ಪ್ರತಿ ಸ್ಥಳಕ್ಕೂ ಅಕ್ಷಾಂಶ ರೇಖಾಂಶ ಬೇಕು. ಮ್ಯಾಪಿನಲ್ಲಿ ಕಟ್ಟಡದ ಮೇಲೆ ಒತ್ತಿದರೆ ಸಿಗುತ್ತದೆ, ಮನೆಯಲ್ಲೇ ಕೂತು ಒಂದು ಗಂಟೆಯಲ್ಲಿ ಮುಗಿಸಬಹುದು. ಮುಗಿಸಿಯೂ ಆಗಿತ್ತು. ಆಮೇಲೆ ನೋಡಿದರೆ ನನ್ನ ಪಿನ್ನುಗಳೆಲ್ಲ ಕಟ್ಟಡಗಳ ತಾರಸಿ ನಡುವೆ ನಿಂತಿವೆ. ತಾರಸಿಯಿಂದ ನಾಟಕಕ್ಕೆ ಇಳಿಯುವವರು ಯಾರು? ದಾರಿ ತೋರಿಸುವ ಆಪು, ಪಿನ್ನಿಗೆ ಹತ್ತಿರ ಯಾವ ರಸ್ತೆ ಇದೆಯೋ ಅಲ್ಲಿಗೆ ಕರೆದುಕೊಂಡು ಹೋಗಿ 'ತಲುಪಿದಿರಿ' ಅನ್ನುತ್ತದೆ. ಆ ರಸ್ತೆ ಹಿಂಬದಿಯ ಗಲ್ಲಿಯಾಗಿದ್ದರೆ ಎದುರಿಗೆ ಕಾಂಪೌಂಡ್ ಗೋಡೆ.

ಹಾಗಾಗಿ ಪಿನ್ ಗೇಟಿಗೆ. ಎಲ್ಲ ಕಡೆ ಹೋಗಲು ಆಗುವುದಿಲ್ಲ. ಜನಕ್ಕೆ ಗೊಂದಲ ಆಗುವ ಹನ್ನೆರಡು ಸ್ಥಳ ಆರಿಸಿದೆ. ಮೂರು ಭಾನುವಾರ ಸ್ಕೂಟರಿನಲ್ಲಿ ಸುತ್ತಿದೆ. ಪ್ರತಿ ಗೇಟಿನಲ್ಲಿ ನಿಂತು, ಫೋನಿನ ನೀಲಿ ಚುಕ್ಕೆ ಅಲುಗಾಡುವುದು ನಿಲ್ಲುವವರೆಗೆ ಕಾದು, ಅಂಕಿ ಬರೆದುಕೊಂಡೆ. ದೊಡ್ಡ ಮರದ ಕೆಳಗೆ, ಎತ್ತರದ ಗೋಡೆಯ ಪಕ್ಕ ಚುಕ್ಕೆ ಬೇಗ ನಿಲ್ಲುವುದಿಲ್ಲ. ರಸ್ತೆ ಆಚೆ ಹೋಗಿ ಬರುತ್ತದೆ.

ಎಷ್ಟು ಅಂಕಿ ಬರೆಯಬೇಕು ಅನ್ನುವುದು ಸರಳ ಲೆಕ್ಕ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ನಾಲ್ಕು ಅಂಕಿ ಇಟ್ಟರೆ 11 ಮೀಟರ್, ಐದು ಇಟ್ಟರೆ ಹೆಚ್ಚುಕಮ್ಮಿ ಒಂದು ಮೀಟರ್. ಗೇಟಿಗೆ ಐದು ಸಾಕು. ಫೋನು ಕೊಡುವ ಹದಿನಾಲ್ಕು ಅಂಕಿಯೆಲ್ಲ ಬರೀ ಶೋಕಿ.

ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ ಹೋದಾಗ ಮ್ಯಾಪಿನಲ್ಲಿ ಕಾಣದ ಇನ್ನೊಂದು ವಿಷಯ ಕಾಲಿಗೆ ಗೊತ್ತಾಯಿತು. ಅದು ರಾಮಾಂಜನೇಯ ಗುಡ್ಡದ ಬಳಿ ಇದೆ. ಗುಡ್ಡ ಅಂದರೆ ಏರು. ಚಪ್ಪಟೆ ಮ್ಯಾಪು ಅದನ್ನು ಹೇಳುವುದಿಲ್ಲ. ಶೀಟಿಗೆ ಇನ್ನೊಂದು ಕಾಲಂ ಸೇರಿತು: 'ಮಂಡಿ ನೋವಿನವರಿಗೆ'. ಅಲ್ಲಿ ಬರೆದೆ: "ಏರು ಇದೆ. ಆಟೋ ಕೆಳಗೆ ಬಿಡಬೇಡಿ, ಮೇಲಕ್ಕೇ ಹೋಗಿ."

ಆರ್ಕ್‌ಟಿಕ್ ಸಮುದ್ರದಲ್ಲಿ ಸುಗಮ ಸಂಗೀತ

ಎಲ್ಲ ತುಂಬಿಸಿ ಮ್ಯಾಪು ತೆರೆದೆ. ಬೆಂಗಳೂರು ಖಾಲಿ. ಮೈಸೂರಿನ ರಂಗಾಯಣವೂ ಇಲ್ಲ. ಜೂಮ್ ಹಿಂದೆ ಹಿಂದೆ ತಂದೆ, ಕರ್ನಾಟಕ ಹೋಯಿತು, ಏಷ್ಯಾ ಹೋಯಿತು. ನನ್ನ ಅರವತ್ತೂ ಪಿನ್ನು ನಾರ್ವೆಗಿಂತ ಮೇಲೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಗುಂಪಾಗಿ ತೇಲುತ್ತಿದ್ದವು.

ಕಾರಣ ಹಳೆಯದೇ, ಎಲ್ಲರೂ ಒಮ್ಮೆ ಬಿದ್ದಿರುವ ಹಳ್ಳ. ಫೋನು ಅಕ್ಷಾಂಶ ಮೊದಲು ಹೇಳುತ್ತದೆ: 12.97, 77.59. ನಾನು ಸ್ಥಳಗಳನ್ನು ಇಟ್ಟದ್ದು ಜಿಯೋಜೇಸನ್ ಕಡತದಲ್ಲಿ, ಮ್ಯಾಪಿನ ಜಾಗಗಳನ್ನು ಬರೆದಿಡುವ ಒಂದು ಕ್ರಮ ಅದು. ಅದರ ನಿಯಮ ಉಲ್ಟಾ, ರೇಖಾಂಶ ಮೊದಲು. ಮ್ಯಾಪು ತೋರಿಸುವ ಲೀಫ್‌ಲೆಟ್‌ಗೆ ನೇರ ಕೊಟ್ಟರೆ ಮತ್ತೆ ಅಕ್ಷಾಂಶ ಮೊದಲು. ಬೆಂಗಳೂರನ್ನು ತಿರುಗಿಸಿ ಬರೆದರೆ 77.59 ಡಿಗ್ರಿ ಉತ್ತರ. ಅಲ್ಲಿ ಸಂಗೀತ ಕೇಳಲು ಹಿಮಕರಡಿ ಬರಬೇಕು.

ತಿದ್ದಿದ್ದಲ್ಲದೆ ಒಂದು ಕಾವಲೂ ಹಾಕಿದೆ. ಕರ್ನಾಟಕ ಇರುವುದು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶ, 74ರಿಂದ 78.5 ಡಿಗ್ರಿ ಪೂರ್ವ ರೇಖಾಂಶದ ನಡುವೆ. ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿಸಿದ್ದ ಇದೇ ಅಂಕಿಗಳು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂದವು. ಈ ಚೌಕದ ಹೊರಗಿನ ಸಾಲು ಬಂದರೆ ಸ್ಕ್ರಿಪ್ಟ್ ಪೇಜನ್ನೇ ಮಾಡುವುದಿಲ್ಲ, ನಿಂತುಬಿಡುತ್ತದೆ.

ಮ್ಯಾಪಿಗೆ ಮೊದಲು ಮಾತು

ಈಗ ಪೇಜಿನ ಸರದಿ. ಮೊದಲು ಅರ್ಧ ಪರದೆ ಮ್ಯಾಪು, ಕೆಳಗೆ ಸಣ್ಣ ಅಕ್ಷರದಲ್ಲಿ ವಿಳಾಸ ಇತ್ತು. ಅದನ್ನು ತಲೆಕೆಳಗು ಮಾಡಿದೆ. ನಾವು ದಾರಿ ಕೇಳುವಾಗ ಯಾರೂ ನಕ್ಷೆ ಬರೆದು ತೋರಿಸುವುದಿಲ್ಲ. "ಟೌನ್‌ಹಾಲ್ ಹತ್ರ ಇಳೀರಿ, ಅಲ್ಲಿಂದ ಹೀಗೆ" ಅನ್ನುತ್ತಾರೆ. ಹಾಗಾಗಿ ಮಾತು ಮೇಲೆ, ಮ್ಯಾಪು ಕೆಳಗೆ. ನಯನದ ಪೇಜು ಈಗ ಹೀಗಿದೆ:

ನಯನ ಸಭಾಂಗಣ
ಕನ್ನಡ ಭವನದ ಒಳಗೆ. ಇದು ಕಲಾಕ್ಷೇತ್ರ ಅಲ್ಲ, ಅದರ ಪಕ್ಕದ ಕಟ್ಟಡ.
ಜೆ.ಸಿ. ರಸ್ತೆ, ಬೆಂಗಳೂರು 560002
ಆಟೋದವರಿಗೆ: "ಟೌನ್‌ಹಾಲ್ ಹತ್ರ, ಕಲಾಕ್ಷೇತ್ರದ ಪಕ್ಕ, ಕನ್ನಡ ಭವನ"
ಮೆಟ್ರೋ: ಹಸಿರು ಮಾರ್ಗ, ಕೆ.ಆರ್. ಮಾರ್ಕೆಟ್ ನಿಲ್ದಾಣ. ಅಲ್ಲಿಂದ ನಿಧಾನ ನಡಿಗೆ ಹದಿನೈದು ನಿಮಿಷ.

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಎರಡನೇ ಸಾಲು. 'ಇದು ಅಲ್ಲ' ಅಂತ ಹೇಳುವ ವಿಳಾಸ ಬೇರೆಲ್ಲೂ ನಾನು ನೋಡಿಲ್ಲ. ಆದರೆ ಗೊಂದಲ ಎಲ್ಲಿ ಆಗುತ್ತದೆ ಅಂತ ಗೊತ್ತಿದ್ದ ಮೇಲೆ ಬಾಯಿ ಬಿಟ್ಟು ಹೇಳುವುದಕ್ಕೇನು? ಆಟೋ ಸಾಲನ್ನು ಬರೆಯಲು ಒಂದು ಪರೀಕ್ಷೆ ಇಟ್ಟುಕೊಂಡೆ. ಜೋರಾಗಿ ಓದಬೇಕು, ಒಂದೇ ಉಸಿರಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಉದ್ದ ಆಯಿತು ಅಂತ ಅರ್ಥ. ಗುರುತು ಹೇಳುವಾಗ ಬ್ಯಾಂಕು, ಮೊಬೈಲ್ ಅಂಗಡಿ, ಹೋಟೆಲು ಬೇಡ ಅಂತಲೂ ತೀರ್ಮಾನಿಸಿದೆ. ಇವತ್ತು ಇರುತ್ತವೆ, ನಾಳೆ ಬೋರ್ಡ್ ಬದಲಾಗಿರುತ್ತದೆ. ದೇವಸ್ಥಾನ, ಶಾಲೆ, ಪಾರ್ಕು, ಸರ್ಕಲ್ಲು ವಾಸಿ. ಚೌಡಯ್ಯ ಹಾಲಿಗೆ ಗುರುತೇ ಬೇಡ, ಕಟ್ಟಡವೇ ಪಿಟೀಲಿನ ಆಕಾರ.

ಒಂದು ಸಣ್ಣ ವಿಷಯ. ವೆಬ್ ಪೇಜು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ 'ಅಡ್ರೆಸ್' ಅಂತಲೇ ಒಂದು ಟ್ಯಾಗ್ ಇದೆ. ವಿಳಾಸ ಹಾಕಲು ಅಂತಲೇ ಮಾಡಿದ್ದಾರೆ ಅಂದುಕೊಂಡು ವರ್ಷಗಟ್ಟಲೆ ಬಳಸಿದ್ದೆ. ನಿಯಮ ಓದಿದರೆ, ಅದು ಆ ಪೇಜಿನ ಅಥವಾ ಲೇಖನದ ಹೊಣೆ ಹೊತ್ತವರನ್ನು ಸಂಪರ್ಕಿಸುವ ವಿವರಕ್ಕೆ, ಸಿಕ್ಕಸಿಕ್ಕ ವಿಳಾಸಕ್ಕಲ್ಲ. ತೆಗೆದು ಸಾದಾ ಪ್ಯಾರಾ ಮಾಡಿದೆ. ಹುಡುಕುವ ಯಂತ್ರಗಳಿಗೆ ಬೇಕಾದ ವಿವರವನ್ನು ಸ್ಕೀಮಾ ಡಾಟ್ ಆರ್ಗ್ ಹೇಳುವ ಕ್ರಮದಲ್ಲಿ ಬೇರೆಯಾಗಿ ಇಟ್ಟೆ: ಕಾರ್ಯಕ್ರಮ, ಅದರೊಳಗೆ ಸ್ಥಳ, ಸ್ಥಳದೊಳಗೆ ಅಂಚೆ ವಿಳಾಸ ಮತ್ತು ಅಕ್ಷಾಂಶ ರೇಖಾಂಶ. ಬೇಜಾರಿನ ಕೆಲಸ, ಒಂದು ಸಂಜೆ ಹಿಡಿಯಿತು.

ಭಾರತೀಯ ಅಂಚೆ 2025ರ ಮೇ ತಿಂಗಳಲ್ಲಿ ಹೊರತಂದ ಡಿಜಿಪಿನ್ ಹಾಕಿದರೆ ಹೇಗೆ ಅಂತಲೂ ನೋಡಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಗೇಟು ಹೇಳಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಹತ್ತು ಅಕ್ಷರವನ್ನು ಆಟೋ ಸದ್ದಿನಲ್ಲಿ ಕೂಗಿ ಹೇಳಲು ಆಗುತ್ತದೆಯೇ? ಪೇಜಿನ ಕೆಳಗೆ ಸಣ್ಣದಾಗಿ ಇಟ್ಟಿದ್ದೇನೆ. ಬೇಕಾದವರು ತಗೊಳ್ಳಲಿ.

ಮ್ಯಾಪಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪೇಜು ತೆರೆದ ಕೂಡಲೇ ಮ್ಯಾಪು ಇಳಿಯುವುದನ್ನು ನಿಲ್ಲಿಸಿದೆ. ನೆಟ್ ಸರಿಯಿಲ್ಲದ ಕಡೆ ಅದು ಬೂದು ಡಬ್ಬಿಯಾಗಿ ಕೂತು, ಸ್ಕ್ರಾಲ್ ಮಾಡುವ ಬೆರಳನ್ನು ಹಿಡಿದುಕೊಳ್ಳುತ್ತಿತ್ತು. ಈಗ 'ಮ್ಯಾಪ್ ತೋರಿಸು' ಅಂತ ಒತ್ತಿದರೆ ಮಾತ್ರ ಲೀಫ್‌ಲೆಟ್ ಬರುತ್ತದೆ, ಅದರ ಹಿಂದೆ ಓಪನ್‌ಸ್ಟ್ರೀಟ್‌ಮ್ಯಾಪ್. ಗೊಂದಲದ ಹನ್ನೆರಡು ಸ್ಥಳಕ್ಕೆ ಮಾತ್ರ ಒಂದೊಂದು ಚಿತ್ರ ಮಾಡಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಿಂದಲೇ ಒಂದು ಚಿತ್ರ ಇಳಿಸಿಕೊಂಡು, ಗೇಟಿಗೆ ದಪ್ಪ ಕೆಂಪು ಬಾಣ, ಕನ್ನಡದಲ್ಲಿ ಹೆಸರು, ಮೂಲೆಯಲ್ಲಿ ಅವರ ಹೆಸರಿನ ಸಾಲು. ಆ ಸಾಲು ಕಡ್ಡಾಯ, ಅದರ ಲೈಸೆನ್ಸೇ ಹಾಗೆ. ಅವರ ಸರ್ವರುಗಳು ನಡೆಯುವುದು ದೇಣಿಗೆಯಿಂದ. ಹಾಗಾಗಿ ಸ್ಕ್ರಿಪ್ಟ್ ಹಚ್ಚಿ ರಾಶಿ ರಾಶಿ ಇಳಿಸುವುದು ಅಲ್ಲಿ ನಿಷಿದ್ಧ. ಹನ್ನೆರಡನ್ನೂ ಕೈಯಲ್ಲೇ ಮಾಡಿದೆ. ಅಲ್ಲಿ ಕೆಲವು ಸಭಾಂಗಣಗಳಿಗೆ ಕನ್ನಡ ಹೆಸರು ಇರಲಿಲ್ಲ, ಬಾಗಿಲಿನ ಗುರುತೂ ಇರಲಿಲ್ಲ. ನಾನು ನಿಂತು ನೋಡಿದ ಗೇಟುಗಳನ್ನು ಅಲ್ಲಿಗೇ ಸೇರಿಸಿ ಬಂದೆ. ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪು ಅದು. ನಾನೂ ತಿದ್ದಿದೆ.

'ದಾರಿ ತೋರಿಸು' ಬಟನ್ ಮಾತ್ರ ಎರಡು ದಿನ ತಿಂದಿತು. 'ಜಿಯೋ' ಅಂತ ಶುರುವಾಗುವ ಒಂದು ಥರದ ಲಿಂಕು ಇದೆ, ಒತ್ತಿದರೆ ಫೋನಿನಲ್ಲಿರುವ ಮ್ಯಾಪ್ ಆಪು ತೆರೆಯಬೇಕು. ನನ್ನ ಫೋನಿನಲ್ಲಿ ಸೊಗಸಾಗಿ ತೆರೆಯಿತು. ಮನೆಯಲ್ಲಿದ್ದ ಇನ್ನೊಂದು ಫೋನಿನಲ್ಲಿ ಒತ್ತಿದರೆ ಏನೂ ಆಗಲಿಲ್ಲ. ಏನೂ ಆಗದ ಬಟನ್ನಿಗಿಂತ ಇಲ್ಲದ ಬಟನ್ ವಾಸಿ. ಕೊನೆಗೆ ಗೂಗಲ್ ಮ್ಯಾಪ್ಸಿನ ದಾರಿ ಲಿಂಕನ್ನೇ ಬಳಸಿದೆ. ಅದಕ್ಕೆ ಗೂಗಲ್ ಕೊಡುವ ಅನುಮತಿಯ ಕೀ ಬೇಡ, ದುಡ್ಡೂ ಬೇಡ, ಹೆಸರಿನ ಬದಲು ಅಂಕಿ ಕೊಟ್ಟರೆ ನೇರ ಗೇಟಿಗೆ ಒಯ್ಯುತ್ತದೆ.

ಅಂಕಿ ಕೊಟ್ಟರೆ ಇನ್ನೊಂದು ತಮಾಷೆ. ಆಪಿನಲ್ಲಿ ಜಾಗದ ಹೆಸರು ಬರುವುದಿಲ್ಲ, ಬರೀ ಅಂಕಿ ಕಾಣುತ್ತದೆ. ನನ್ನ ಹೆಂಡತಿ ಅದನ್ನು ನೋಡಿ "ಇದೇನ್ರೀ, ಯಾವುದೋ ಓಟಿಪಿ ಬಂದ ಹಾಗಿದೆ" ಅಂದಳು. ಬಟನ್ನಿನ ಕೆಳಗೆ ಒಂದು ಸಾಲು ಸೇರಿಸಿದೆ: "ಹೆಸರಿನ ಬದಲು ಅಂಕಿ ಕಂಡರೆ ಗಾಬರಿ ಬೇಡ, ಅದೇ ಗೇಟು."

ಮಳೆ ಬಂದ ದಿನ

ಎಲ್ಲ ಮುಗಿಯಿತು ಅಂದುಕೊಂಡ ವಾರವೇ ಸಂಸದಲ್ಲಿ ಇರಬೇಕಿದ್ದ ಒಂದು ಪ್ರದರ್ಶನ ಮಳೆಗೆ ಹೆದರಿ ಬೇರೆ ಹಾಲಿಗೆ ಹೋಯಿತು. ಶೀಟಿನಲ್ಲಿ ಸ್ಥಳ ಬದಲಿಸಿದೆ, ಪೇಜು ಚಕ್ಕನೆ ಸರಿಹೋಯಿತು. ನನಗೆ ಹೆಮ್ಮೆ. ಆದರೆ ಬೆಳಿಗ್ಗೆಯೇ ಪೇಜಿನ ಸ್ಕ್ರೀನ್‌ಶಾಟ್ ಮೂರು ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿತ್ತು. ಮತ್ತೆ ಪೇಜು ನೋಡಿದವರಿಗೂ ಗೊಂದಲ: ಆಗ ನೋಡಿದ್ದು ತಪ್ಪಾ, ಈಗಿನದು ತಪ್ಪಾ?

ಈಗ ಸ್ಥಳ ಬದಲಾದರೆ ಹಳೆಯದು ಮಾಯವಾಗುವುದಿಲ್ಲ. ಅದರ ಮೇಲೆ ಗೀಟು ಬೀಳುತ್ತದೆ, ಮೇಲೆ ಹೊಸದು, ಪಕ್ಕದಲ್ಲಿ 'ಮಧ್ಯಾಹ್ನ 2.10ಕ್ಕೆ ಬದಲಾಗಿದೆ' ಅಂತ ಗಂಟೆ. ಹಳೆಯ ಚಿತ್ರ ಹಿಡಿದುಕೊಂಡು ಬಂದವರಿಗೆ ಎರಡನ್ನೂ ತಾಳೆ ನೋಡಲು ಆಗಬೇಕು.

ಕೊನೆಯ ಪರೀಕ್ಷೆಗೆ ದೊಡ್ಡಮ್ಮನೇ ಬೇಕಿತ್ತು. ನಯನದಲ್ಲಿ ಇನ್ನೊಂದು ನಾಟಕ ಇದ್ದಾಗ ಲಿಂಕ್ ಕಳಿಸಿದೆ, ಬೇರೇನೂ ಹೇಳಲಿಲ್ಲ. ಆರೂ ಮುಕ್ಕಾಲಿಗೆ ಫೋನ್ ಬಂತು.

"ಬಂದೆ ಕಣೋ. ಆಟೋದವನಿಗೆ ನಿನ್ನ ಸಾಲು ಓದಿ ಹೇಳ್ದೆ, ಸರಿಯಾಗಿ ತಂದು ಬಿಟ್ಟ."

"ಮ್ಯಾಪ್ ಒತ್ತಿದ್ರಾ?"

"ಅದ್ಯಾಕೆ? ಮಾತಲ್ಲೇ ಇತ್ತಲ್ಲ." ಆಮೇಲೆ ದನಿ ತಗ್ಗಿಸಿ, "ಪಕ್ಕದಲ್ಲಿ ಇವತ್ತು ಡ್ಯಾನ್ಸ್ ಏನಾದ್ರೂ ಇದ್ಯಾ, ನೋಡ್ತೀಯಾ?" ಅಂದರು.

ಮೂರು ಭಾನುವಾರ ಸುತ್ತಿ ಮಾಡಿದ ಹನ್ನೆರಡು ಮ್ಯಾಪ್ ಚಿತ್ರಗಳ ಬಗ್ಗೆ ಅವರಿಗೆ ಏನೂ ಹೇಳಲಿಲ್ಲ.

ಶೀಟಿನಲ್ಲಿ ಒಂದು ಸಾಲು ಇನ್ನೂ ಹಳದಿ ಬಣ್ಣದಲ್ಲೇ ಇದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. ರಾಮನವಮಿಗೆ ಅಲ್ಲಿ ಪೆಂಡಾಲ್ ಹಾಕಿ ವಾರಗಟ್ಟಲೆ ಸಂಗೀತ ನಡೆಯುತ್ತದೆ, ಉಳಿದ ದಿನ ಹುಡುಗರ ಆಟ. ಪೆಂಡಾಲಿಗೆ ಬಾಗಿಲು ಯಾವ ಕಡೆ ಇಡುತ್ತಾರೆ ಅನ್ನುವುದು ಪೆಂಡಾಲ್ ಎದ್ದ ಮೇಲೆಯೇ ಗೊತ್ತಾಗಬೇಕು. ಕಂಬ ನೆಟ್ಟ ದಿನ ಹೋಗಿ ನಿಂತು ಪಿನ್ ಹಾಕಿ ಬರಬೇಕು. ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ.